ಅಲ್ಲಾಡುವ ಹಲ್ಲನ್ನು ಕೀಳಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.9 ಬಂದಿತ್ತು. ಮೂರು ವರ್ಷದಿಂದ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದೆ. ಒಂದೂವರೆ ವರ್ಷದ ಹಿಂದೆ ಕ್ಲೀನಿಂಗ್ ಮಾಡಿಸಿದೆ. ಅದಾದ ಮೇಲೆಯೇ ಕೆಳಗಿನ ಮುಂದಿನ ನಾಲ್ಕು ಹಲ್ಲು ಅಲ್ಲಾಡಲು ಶುರುವಾದವು. ಈಗ ನಾಲಿಗೆ ತಾಗಿಸಿದರೂ ಆಡುತ್ತವೆ. ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಮೊದಲು ಇಲ್ಲದ ಸಂದು ಬಿದ್ದಿದೆ. ಚಪಾತಿ ಕಚ್ಚಲೂ ಭಯ. ಒಬ್ಬ ವೈದ್ಯರು ಆ ಆರೂ ಹಲ್ಲು ಕಿತ್ತು ಇಂಪ್ಲಾಂಟ್ ಹಾಕೋಣ ಎಂದರು. ಇನ್ನೊಬ್ಬರು ತಂತಿ ಕಟ್ಟಿದರೆ ಸಾಕು ಎಂದರು. ನನ್ನ ಅಮ್ಮ ಮಾತ್ರ, ‘ನಮ್ಮ ಮನೆತನದಲ್ಲಿ ಐವತ್ತಕ್ಕೆ ಹಲ್ಲು ಹೋಗೋದೇ. ಆದ್ರೆ ಮೇಲಿನ ಹಲ್ಲು ಕೀಳಿಸಬೇಡ, ಕಣ್ಣು ಮಂಜಾಗುತ್ತೆ’ ಎನ್ನುತ್ತಾರೆ. ದಿನಾ ಉಪ್ಪಿನಲ್ಲಿ ಉಜ್ಜಿ ಲವಂಗದ ಎಣ್ಣೆ ಹಚ್ಚುತ್ತಿದ್ದೇನೆ. ಈ ಹಲ್ಲುಗಳು ಮತ್ತೆ ಗಟ್ಟಿಯಾಗುತ್ತವಾ? ಯಾರ ಮಾತು ಕೇಳಲಿ? ಅಂದಹಾಗೆ, 22 ವರ್ಷದ ಮಗಳಿಗೂ ಉಜ್ಜುವಾಗ ರಕ್ತ ಬರುತ್ತದೆ.

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಲ್ಲು ಹೋಗಿಬಿಡುತ್ತದೆ ಎಂಬ ಭಯದ ಜೊತೆಗೆ ಅದರಲ್ಲಿ ಇನ್ನೊಂದು ಸಂಕಟವೂ ಇದೆ. ಕ್ಲೀನಿಂಗ್ ಮಾಡಿಸಿ ನಾನೇ ಕೈಯಾರೆ ಹಾಳು ಮಾಡಿಕೊಂಡೆನಾ ಅಂತ. ಇಲ್ಲ, ನೀವು ಹಾಳು ಮಾಡಿಕೊಂಡಿಲ್ಲ. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಬಾಯಿ ನೋಡದೆ, ಎಕ್ಸ್‌ರೇ ನೋಡದೆ ಇಂಥ ಹಲ್ಲು ಉಳಿಯುತ್ತದೆ, ಇಂಥದ್ದು ಹೋಗುತ್ತದೆ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಅಲ್ಲಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ಹಲ್ಲು ಕೀಳುವುದಿಲ್ಲ. ಇವತ್ತು ಆರು ಹಲ್ಲು ಕೀಳಿಸುವ ತೀರ್ಮಾನ ಬೇಡ. ಬರೀ ತಂತಿ ಕಟ್ಟಿಸಿ ಸುಮ್ಮನಾಗುವುದೂ ಬೇಡ. ಯಾಕೆ ಅಲ್ಲಾಡುತ್ತಿದೆ ಎಂಬುದು ಮೊದಲು ಗೊತ್ತಾಗಲಿ.

ಹಲ್ಲು ನಿಂತಿರುವುದು ಒಸಡಿನ ಮೇಲೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ಹಲ್ಲಿನ ಬೇರು ಹೂತುಕೊಂಡಿರುವುದು ದವಡೆಯ ಮೂಳೆಯಲ್ಲಿ. ಬೇರಿಗೂ ಮೂಳೆಗೂ ನಡುವೆ ಸಣ್ಣ ನಾರುಗಳ ಪದರವೊಂದಿದೆ. ದಪ್ಪ ಸುಮಾರು 0.2 ಮಿಲಿಮೀಟರ್ ಅಷ್ಟೇ. ಜಗಿಯುವಾಗ ಬೀಳುವ ಒತ್ತಡವನ್ನು ತಡೆದುಕೊಳ್ಳುವುದು ಈ ನಾರುಗಳೇ. ಅವುಗಳಿಂದಾಗಿ ಆರೋಗ್ಯವಂತ ಹಲ್ಲು ಕೂಡ ಕೂದಲೆಳೆಯಷ್ಟು ಆಡುತ್ತದೆ. ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟು ಆಡಿದಾಗ ಎರಡರಲ್ಲಿ ಒಂದು ನಡೆದಿರುತ್ತದೆ, ಅಥವಾ ಎರಡೂ. ಒಂದು, ಒಸಡಿನ ಊತ ಆ ನಾರುಗಳವರೆಗೆ ಇಳಿದು ಅವು ಸಡಿಲವಾಗಿರುತ್ತವೆ. ಇನ್ನೊಂದು, ಬೇರಿನ ಸುತ್ತಲಿನ ಮೂಳೆ ಕರಗಿರುತ್ತದೆ. ಬೇಲಿ ಕಂಬದ ಬುಡದ ಮಣ್ಣು ಮಳೆಗೆ ನೆನೆದು ಮೆತ್ತಗಾದರೂ ಕಂಬ ಆಡುತ್ತದೆ, ಮಣ್ಣು ಕೊಚ್ಚಿ ಹೋದರೂ ಆಡುತ್ತದೆ. ಮೆತ್ತಗಾದ ಮಣ್ಣು ಒಣಗಿ ಗಟ್ಟಿಯಾಗಬಹುದು. ಕೊಚ್ಚಿ ಹೋದದ್ದು ತಾನಾಗಿ ವಾಪಸ್ ಬರುವುದಿಲ್ಲ. ನಿಮ್ಮ ಹಲ್ಲು ಮತ್ತೆ ಗಟ್ಟಿಯಾಗುತ್ತವಾ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಊತದಿಂದ ಬಂದ ಅಲುಗಾಟ ಕಡಿಮೆಯಾಗುತ್ತದೆ, ಮೂಳೆ ಹೋಗಿ ಬಂದದ್ದು ಬಹಳಷ್ಟು ಉಳಿಯುತ್ತದೆ. ಯಾವುದು ಎಷ್ಟಿದೆ ಎಂಬುದು ಚಿಕಿತ್ಸೆ ಶುರು ಮಾಡಿದ ಮೇಲೆಯೇ ತಿಳಿಯುತ್ತದೆ.

ಮೂಳೆ ಯಾಕೆ ಕರಗುತ್ತದೆ? ಹಲ್ಲಿನ ಬುಡದಲ್ಲಿ ದಿನಾ ಒಂದು ತೆಳು ಲೋಳೆ ಕೂರುತ್ತದೆ. ಉಗುರಿನಿಂದ ಕೆರೆದರೆ ಬಿಳಿಯಾಗಿ ಬರುತ್ತದಲ್ಲ, ಅದೇ. ಅದರ ತುಂಬಾ ಬ್ಯಾಕ್ಟೀರಿಯಾ. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಗಾರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗದಲ್ಲಿ ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುತ್ತದೆ. ಅದಕ್ಕೇ ಅಲ್ಲಿ ಗಾರೆ ಎಲ್ಲಕ್ಕಿಂತ ಜಾಸ್ತಿ ಕಟ್ಟುತ್ತದೆ. ನಿಮಗೆ ಮೊದಲು ಅಲ್ಲಾಡಿದ್ದು ಅವೇ ನಾಲ್ಕು ಹಲ್ಲು, ಅಲ್ವಾ? ಲೋಳೆ ಒಸಡಿನ ಕೆಳಗೆ ಇಳಿದಾಗ ಹಲ್ಲಿಗೂ ಒಸಡಿಗೂ ನಡುವೆ ಚೀಲದಂಥ ಸಂದಿ ಆಗುತ್ತದೆ. ನಾವು ಪಾಕೆಟ್ ಎನ್ನುತ್ತೇವೆ. ಅಲ್ಲಿನ ಬ್ಯಾಕ್ಟೀರಿಯಾವನ್ನು ಹೊಡೆಯಲು ದೇಹ ವರ್ಷಗಟ್ಟಲೆ ಹೋರಾಡುತ್ತದೆ. ಆ ಹೋರಾಟದಲ್ಲೇ ಮೂಳೆ ಸವೆಯುತ್ತದೆ. ನೋವು ಮಾತ್ರ ಇರುವುದಿಲ್ಲ. ಹುಳುಕು ಹಲ್ಲು ರಾತ್ರಿಯೆಲ್ಲ ಕಾಡಿ ಡಾಕ್ಟರ ಹತ್ತಿರ ಓಡಿಸುತ್ತದೆ. ಒಸಡಿನ ಕಾಯಿಲೆ ಉಜ್ಜುವಾಗ ಎರಡು ಹನಿ ರಕ್ತ ತೋರಿಸಿ ಸುಮ್ಮನಿರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಆ ರಕ್ತವನ್ನು ವರ್ಷಗಳಿಂದ ನೋಡುತ್ತಿದ್ದವರೇ. ನೋವಿಲ್ಲದ ಕಾರಣಕ್ಕೆ ಬಂದಿರುವುದಿಲ್ಲ.

ಈಗ ಆ ಕ್ಲೀನಿಂಗ್ ವಿಷಯ. ಬಹಳ ದಿನದ ಗಾರೆ ನಾಲ್ಕೂ ಹಲ್ಲನ್ನು ಸೇರಿಸಿ ಒಂದು ಗೋಡೆಯಂತೆ ಕಟ್ಟಿರುತ್ತದೆ. ಒಳಗೆ ಮೂಳೆ ಕರಗಿದ್ದರೂ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಗಾರೆ ತೆಗೆದ ದಿನ ಪ್ರತಿ ಹಲ್ಲೂ ಬೇರೆಯಾಗಿ, ಮೊದಲೇ ಇದ್ದ ಸಡಿಲ ಹೊರಗೆ ಕಾಣುತ್ತದೆ. ಒಸಡಿನ ಊತ ಇಳಿದು ಹಲ್ಲು ಉದ್ದವಾದಂತೆ, ಸಂದಿ ದೊಡ್ಡದಾದಂತೆ ಅನ್ನಿಸುತ್ತದೆ. ನಾಲ್ಕು ದಿನ ತಣ್ಣೀರು ಜುಂ ಎನ್ನುತ್ತದೆ. ಇದನ್ನೆಲ್ಲ ಕ್ಲೀನಿಂಗ್‌ಗೆ ಮೊದಲೇ ಹೇಳಬೇಕಿತ್ತು. ಹೇಳದೆ ಹೋದದ್ದು ನಮ್ಮವರ ತಪ್ಪು. ಕ್ಲೀನಿಂಗ್ ಮಾಡುವ ಯಂತ್ರ ಹಲ್ಲನ್ನು ಉಜ್ಜಿ ಸವೆಸುವುದಿಲ್ಲ. ಅದರ ತುದಿ ವೇಗವಾಗಿ ನಡುಗಿ ಗಾರೆಯನ್ನು ಚೂರು ಮಾಡುತ್ತದೆ. ಆದರೆ ಒಂದು ಕೊರತೆ ಆಗಿರಬಹುದು ಎಂದು ನನಗೆ ಅನ್ನಿಸುತ್ತದೆ. ಮೇಲುಮೇಲಿನ ಗಾರೆ ಮಾತ್ರ ತೆಗೆದು, ಒಸಡಿನ ಕೆಳಗಿನದ್ದು ಹಾಗೇ ಉಳಿದಿದ್ದರೆ ಕಾಯಿಲೆ ಮುಂದುವರಿಯುತ್ತದೆ. ಒಂದೂವರೆ ವರ್ಷ ಮತ್ತೆ ಯಾರಿಗೂ ತೋರಿಸದೆ ಇದ್ದದ್ದೂ ಸೇರಿಕೊಂಡಿದೆ.

ಅಮ್ಮನ ಮಾತಿಗೆ ಬರುತ್ತೇನೆ. ಮನೆತನದ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟಗಳ 480 ತಮಿಳು ಕಾರ್ಮಿಕರ ಬಾಯಿಯನ್ನು ಸಂಶೋಧಕರು ಗಮನಿಸಿದರು. ಅವರಿಗೆ ಹಲ್ಲುಜ್ಜುವ ಅಭ್ಯಾಸ ಇರಲಿಲ್ಲ, ದಂತ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಗಾರೆ, ಎಲ್ಲರ ಒಸಡೂ ಕೆಂಪು. ಆದರೂ ಸುಮಾರು 8% ಜನರಲ್ಲಿ ಮೂಳೆಯ ಕಾಯಿಲೆ ಬಿರುಸಾಗಿ ಓಡಿತು. 81% ಜನರಲ್ಲಿ ನಿಧಾನವಾಗಿ ಬೆಳೆಯಿತು. 11% ಜನರಲ್ಲಿ ಒಸಡಿನ ಊತ ದಾಟಿ ಮುಂದೆ ಹೋಗಲೇ ಇಲ್ಲ. ಒಂದೇ ಕೊಳೆಗೆ ಒಬ್ಬೊಬ್ಬರ ದೇಹ ಒಂದೊಂದು ರೀತಿ ವರ್ತಿಸುತ್ತದೆ. ಅದರಲ್ಲಿ ಹುಟ್ಟಿನಿಂದ ಬಂದದ್ದೂ ಇದೆ. ನಿಮ್ಮ ಮನೆಯವರು ಬೇಗ ಕೆಡುವ ಗುಂಪಿನವರು ಇರಬಹುದು. ಹಾಗಂತ ಐವತ್ತಕ್ಕೆ ಹಲ್ಲು ಹೋಗಲೇಬೇಕು ಎಂದಲ್ಲ. ಬೇರೆಯವರಿಗಿಂತ ಮೊದಲೇ ತೋರಿಸಿಕೊಳ್ಳಬೇಕು, ಬೇರೆಯವರಿಗಿಂತ ಹೆಚ್ಚು ಸಲ ತೋರಿಸಿಕೊಳ್ಳಬೇಕು.

ಕಣ್ಣಿನ ಮಾತು ಮಾತ್ರ ಪೂರ್ತಿ ಸುಳ್ಳು. ಮೇಲಿನ ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಹಲ್ಲು ಕೀಳಿಸುವ ವಯಸ್ಸು ಮತ್ತು ಚಾಳೀಸು ಬರುವ, ಪೊರೆ ಬರುವ ವಯಸ್ಸು ಒಂದೇ. ಎರಡೂ ಒಟ್ಟಿಗೆ ಬಂದಾಗ ಒಂದಕ್ಕೆ ಇನ್ನೊಂದು ಕಾರಣ ಅನ್ನಿಸುತ್ತದೆ. ಅಮ್ಮನಿಗೆ ಇದನ್ನು ನಿಧಾನವಾಗಿ ತಿಳಿಸಿ.

ಲವಂಗದ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ಅದು ಸ್ವಲ್ಪ ಹೊತ್ತು ಜಾಗವನ್ನು ಮರಗಟ್ಟಿಸುತ್ತದೆ, ಅಷ್ಟೇ. ದಿನಾ ಹಚ್ಚಿದರೆ ಒಸಡು ಸುಡುತ್ತದೆ. ಉಪ್ಪನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಮುಕ್ಕಳಿಸಿ, ಒಳ್ಳೆಯದೇ. ಕಲ್ಲುಪ್ಪು, ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಒಸಡು ಇಳಿದು ಬೇರು ಸವೆಯುತ್ತದೆ. ನಿಮಗೆ ಸಂಬಂಧ ಇಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಕಡ್ಡಿಪುಡಿ, ಗುಟ್ಕಾ ಇಡುವ ಜಾಗದಲ್ಲಿ ಒಸಡು ಬೇರಿನಿಂದ ಕೆಳಗೆ ಜಾರುತ್ತದೆ. ಬೀಡಿ, ಸಿಗರೇಟು ಒಸಡಿನ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ರಕ್ತವೇ ಬರದೆ ಒಳಗೊಳಗೆ ಮೂಳೆ ಹೋಗಿರುತ್ತದೆ. ಸೇದುವವರು ‘ನನಗೆ ರಕ್ತ ಬರಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳಬಾರದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 8.9ರ ಮೇಲೆ. ಸಕ್ಕರೆ ಹತೋಟಿ ತಪ್ಪಿದಾಗ ಸೋಂಕಿನ ವಿರುದ್ಧ ದೇಹದ ಶಕ್ತಿ ಕುಗ್ಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ಹಲ್ಲಿನ ಸುತ್ತಲಿನ ಮೂಳೆ ಬೇಗ ಕರಗುತ್ತದೆ. ತಿರುಗಿ ಒಸಡಿನ ಊತವೂ ಸಕ್ಕರೆಯನ್ನು ಏರಿಸುತ್ತದೆ. ಒಂದು ಇನ್ನೊಂದನ್ನು ತಳ್ಳುತ್ತಾ ಹೋಗುತ್ತದೆ. ಇದರಲ್ಲೊಂದು ಒಳ್ಳೆಯ ಸುದ್ದಿಯೂ ಇದೆ. ಒಸಡನ್ನು ಸರಿಯಾಗಿ ಚಿಕಿತ್ಸೆ ಮಾಡಿದವರಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಸಕ್ಕರೆ ಡಾಕ್ಟರನ್ನೂ ಹಲ್ಲಿನ ಡಾಕ್ಟರನ್ನೂ ಒಟ್ಟಿಗೆ ನೋಡಿ. ಒಬ್ಬರು ಮುಗಿಯಲಿ ಎಂದು ಇನ್ನೊಬ್ಬರಿಗೆ ಕಾಯಬೇಡಿ.

ಎಲ್ಲ ಅಲುಗಾಟವೂ ಒಸಡಿನ ಕಾಯಿಲೆಯಿಂದ ಬರುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ, ಪೆಟ್ಟು ಬಿದ್ದವರಿಗೆ, ಎತ್ತರದ ಕ್ಯಾಪ್ ಹಾಕಿಸಿಕೊಂಡವರಿಗೆ, ಬೇರಿನ ತುದಿಯಲ್ಲಿ ಕೀವು ತುಂಬಿದವರಿಗೂ ಹಲ್ಲು ಆಡುತ್ತದೆ. ಬಸುರಿಯರಲ್ಲಿ ಸ್ವಲ್ಪ ಸಡಿಲವಾಗಿ ಹೆರಿಗೆಯ ನಂತರ ಸರಿಹೋಗುವುದೂ ಉಂಟು. ಒಂದು ಸಂದರ್ಭದಲ್ಲಿ ಮಾತ್ರ ಒಂದು ವಾರವೂ ಕಾಯಬಾರದು. ಬಾಯಿಯ ಉಳಿದೆಲ್ಲ ಹಲ್ಲು ಗಟ್ಟಿಯಾಗಿದ್ದು ಒಂದೋ ಎರಡೋ ಹಲ್ಲು ಇದ್ದಕ್ಕಿದ್ದಂತೆ ಸಡಿಲವಾದರೆ, ಜೊತೆಗೆ ತುಟಿ ಜೋಮು ಹಿಡಿದರೆ, ದವಡೆ ಊದಿದರೆ, ಮಾಯದ ಹುಣ್ಣಿದ್ದರೆ, ಅದು ದವಡೆಯ ಗೆಡ್ಡೆಯ ಗುರುತು ಇರಬಹುದು. ನಿಮ್ಮ ವಿವರಣೆ ಹಾಗಿಲ್ಲ. ವರ್ಷಗಟ್ಟಲೆ ರಕ್ತ, ಕೆಳಗಿನ ಮುಂದಿನ ಹಲ್ಲು, ಮೇಲೆ ಹೊಸದಾಗಿ ಬಿದ್ದ ಸಂದು, ಸಕ್ಕರೆ. ಇದು ಒಸಡಿನ ಕಾಯಿಲೆಯ ದಾರಿಯಂತೆಯೇ ಕಾಣುತ್ತದೆ.

ಏನು ಮಾಡಬೇಕು

ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಿದ ಒಸಡಿನ ತಜ್ಞರನ್ನು, ಪೆರಿಯೋಡಾಂಟಿಸ್ಟ್ ಎನ್ನುತ್ತಾರೆ, ಒಮ್ಮೆ ನೋಡಿ. ಖರ್ಚಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಅಲ್ಲಿ ಒಸಡಿಗೇ ಪ್ರತ್ಯೇಕ ವಿಭಾಗ ಇರುತ್ತದೆ, ಹಿರಿಯರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ನಿಧಾನವಾಗಿ, ಅಚ್ಚುಕಟ್ಟಾಗಿ ಮಾಡುತ್ತಾರೆ. ಸಮಯ ಹಿಡಿಯುತ್ತದೆ, ಅಷ್ಟೇ. ಅವರು ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಪಾಕೆಟ್ ಆಳ ಅಳೆಯಬೇಕು. 3 ಮಿಲಿಮೀಟರ್‌ವರೆಗೆ ಸರಿ. 4, 5 ಇದ್ದರೆ ಕಾಯಿಲೆ. 6 ಮತ್ತು ಮೇಲೆ ಇದ್ದರೆ ಆಳದ ಕಾಯಿಲೆ. ಅಲುಗಾಟಕ್ಕೂ ಮೂರು ದರ್ಜೆ ಇದೆ. ಹಿಂದೆ ಮುಂದೆ 1 ಮಿಲಿಮೀಟರ್‌ವರೆಗೆ ಆಡಿದರೆ ಮೊದಲನೆಯದು, ಅದಕ್ಕಿಂತ ಜಾಸ್ತಿ ಆಡಿದರೆ ಎರಡನೆಯದು, ಒತ್ತಿದರೆ ಕೆಳಕ್ಕೂ ಇಳಿಯುವಂತಿದ್ದರೆ ಮೂರನೆಯದು. ಜೊತೆಗೆ ಎಕ್ಸ್‌ರೇ. ಈ ಅಳತೆಗಳೇ ಇಲ್ಲದೆ ಯಾರಾದರೂ ಹಲ್ಲು ಕೀಳೋಣ ಎಂದರೆ, ಉಳಿಸೋಣ ಎಂದರೂ ಸರಿಯೇ, ‘ಅಳೆದು ನೋಡಿದಿರಾ ಡಾಕ್ಟ್ರೇ?’ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಮೊದಲ ಚಿಕಿತ್ಸೆ ಆಳದ ಕ್ಲೀನಿಂಗ್. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡಿನ ಕೆಳಗೆ ಬೇರಿಗೆ ಅಂಟಿದ ಗಾರೆಯನ್ನೂ ತೆಗೆಯುತ್ತಾರೆ. ಎರಡರಿಂದ ನಾಲ್ಕು ಸಲ ಹೋಗಬೇಕಾಗಬಹುದು. ಆ ದಿನ ತಿಂಡಿ ತಿಂದು, ಸಕ್ಕರೆ ಮಾತ್ರೆ ನುಂಗಿ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಇಂಜೆಕ್ಷನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳಿ ನುಂಗಿದರೆ ಊತ ನಾಲ್ಕು ದಿನ ಇಳಿದು ಮತ್ತೆ ಬರುತ್ತದೆ. ಗಾರೆ ಅಲ್ಲೇ ಇರುತ್ತದಲ್ಲ.

ಇದಾಗಿ ಎರಡು-ಮೂರು ತಿಂಗಳಿಗೆ ಮತ್ತೆ ಅಳೆಯುತ್ತಾರೆ. ನಾನು ನಿಮ್ಮಿಂದ ಕೇಳಿಕೊಳ್ಳುವುದು ಈ ಎರಡು-ಮೂರು ತಿಂಗಳನ್ನೇ. ಕೀಳುವ, ಉಳಿಸುವ ತೀರ್ಮಾನ ಅದಾದ ಮೇಲೆ ಆಗಲಿ. ‘ಈ ಹಲ್ಲು ಉಳಿಯೋದು ಕಷ್ಟ’ ಎಂದು ನಾನೇ ಅಂದುಕೊಂಡಿದ್ದ ಹಲ್ಲು, ಊತ ಇಳಿದ ಮೇಲೆ ಒಂದು ದರ್ಜೆ ಗಟ್ಟಿಯಾಗಿ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಿತ್ತ ಹಲ್ಲನ್ನು ವಾಪಸ್ ಕೂರಿಸಲು ಮಾತ್ರ ನನ್ನಿಂದ ಆಗಿಲ್ಲ.

ಆಗಲೂ ಆಳದ ಪಾಕೆಟ್ ಉಳಿದಿದ್ದರೆ ಒಸಡಿನ ಚಿಕ್ಕ ಆಪರೇಷನ್ ಇದೆ. ಒಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಬೇರನ್ನು ಚೊಕ್ಕ ಮಾಡಿ, ಹೊಲಿಗೆ ಹಾಕುತ್ತಾರೆ. ಮೂಳೆ ಒಂದು ಕಡೆ ಗುಂಡಿಯಂತೆ ಕರಗಿದ್ದರೆ ಮೂಳೆಪುಡಿ ತುಂಬಿ ಸ್ವಲ್ಪ ವಾಪಸ್ ಪಡೆಯಬಹುದು. ಎಲ್ಲ ಕಡೆ ಸಮನಾಗಿ ತಗ್ಗಿದ್ದರೆ ಪುಡಿ ನಿಲ್ಲಲು ಗೋಡೆಯೇ ಇರುವುದಿಲ್ಲ, ಹಾಗಾಗಿ ಪ್ರಯೋಜನ ಕಡಿಮೆ. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯ ರೀತಿಯೇ ಕಾಣುತ್ತದೆ. ಆಪರೇಷನ್ ನಂತರ ಒಸಡು ಇಳಿದು ಬೇರು ಕಾಣಬಹುದು, ಜುಂ ಅನ್ನಬಹುದು. ಸಕ್ಕರೆ ಹತೋಟಿಗೆ ಬರುವವರೆಗೆ ಇದನ್ನು ಮುಂದೂಡುವುದೇ ಒಳ್ಳೆಯದು.

ತಂತಿ ಕಟ್ಟುವುದರ ಬಗ್ಗೆ. ನಾಲ್ಕು ಸಡಿಲ ಹಲ್ಲನ್ನು ಎರಡು ಬದಿಯ ಗಟ್ಟಿ ಕೋರೆಹಲ್ಲುಗಳಿಗೆ ತಂತಿಯಿಂದಲೋ ನಾರಿನ ಪಟ್ಟಿಯಿಂದಲೋ ಹಿಂಬದಿಯಲ್ಲಿ ಸೇರಿಸಿ ಅಂಟಿಸುತ್ತಾರೆ. ಅಗಿಯಲು ಹಾಯಾಗುತ್ತದೆ, ಭಯ ಹೋಗುತ್ತದೆ. ಎರಡನೆಯ ವೈದ್ಯರು ಹೇಳಿದ್ದು ತಪ್ಪಲ್ಲ. ಆದರೆ ಒಳಗಿನ ಗಾರೆ ತೆಗೆಯದೆ ಕಟ್ಟಿದರೆ, ಕಾಯಿಲೆಯನ್ನು ಒಳಗೇ ಮುಚ್ಚಿಟ್ಟಂತೆ. ಎರಡು-ಮೂರು ವರ್ಷಕ್ಕೆ ಎಲ್ಲವೂ ಒಟ್ಟಿಗೆ ಸಡಿಲವಾಗಿ ಬರುತ್ತವೆ. ಜೊತೆಗೆ ತಂತಿಯ ಸುತ್ತ ಉಜ್ಜುವುದು ಕಷ್ಟ, ಅಂಟು ಆಗಾಗ ಬಿಡುತ್ತದೆ. ಮೊದಲು ಆಳದ ಕ್ಲೀನಿಂಗ್, ಆಮೇಲೆ ಪಟ್ಟಿ. ಈ ಕ್ರಮದಲ್ಲಿ ನಿಮಗೆ ಬಹುಶಃ ಇದೇ ಸರಿಯಾದ ದಾರಿ. ಮೇಲಿನ ಹಲ್ಲಿನ ಸಂದನ್ನು ಈಗಲೇ ಕ್ಲಿಪ್ ಹಾಕಿ ಎಳೆಸಲು ಹೋಗಬೇಡಿ. ಒಸಡು ಆರೋಗ್ಯಕ್ಕೆ ಬಂದ ಮೇಲೆ ಅದನ್ನೂ ನೋಡಬಹುದು.

ಕೆಳಕ್ಕೂ ಒತ್ತಿಕೊಳ್ಳುವಷ್ಟು ಸಡಿಲವಾದ, ಬೇರಿನ ತುದಿಯವರೆಗೆ ಮೂಳೆ ಹೋದ, ಮತ್ತೆ ಮತ್ತೆ ಕೀವು ಕಟ್ಟುವ ಹಲ್ಲನ್ನು ಮಾತ್ರ ಕೀಳಿಸಲೇಬೇಕು. ಹಾಗೇ ಇಟ್ಟುಕೊಂಡರೆ ಪಕ್ಕದ ಹಲ್ಲಿನ ಮೂಳೆಯೂ ಹೋಗುತ್ತದೆ. ನಿಮ್ಮ ಆರರಲ್ಲಿ ಒಂದೆರಡು ಹಾಗಿದ್ದರೂ ಎದೆಗೆಡಬೇಡಿ. ಕೆಲವೊಮ್ಮೆ ಕಿತ್ತ ಹಲ್ಲಿನದೇ ಮೇಲ್ಭಾಗವನ್ನು ಕತ್ತರಿಸಿ, ಪಕ್ಕದ ಹಲ್ಲುಗಳಿಗೆ ಅದೇ ದಿನ ಅಂಟಿಸಿ ಕೊಡುತ್ತೇವೆ. ಪಾಠ ಮಾಡುವವರು ಮುಂದಿನ ಹಲ್ಲಿಲ್ಲದೆ ತರಗತಿಗೆ ಹೋಗಲು ಎಷ್ಟು ಮುಜುಗರ ಪಡುತ್ತಾರೆ ಎಂದು ನನಗೆ ಗೊತ್ತು. ತೆಗೆದು ಹಾಕುವ ಹಲ್ಲುಸೆಟ್ಟು ಕಡಿಮೆ ಖರ್ಚಿನದು, ಆದರೆ ರೂಢಿಯಾಗಲು ದಿನ ಬೇಕು. ಬ್ರಿಜ್, ಅಂದರೆ ಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸುವ ಹಲ್ಲು, ಹಾಕಿದರೆ ಕಟ್ಟಿದಂತೆ ನಿಲ್ಲುತ್ತದೆ, ಆದರೆ ಪಕ್ಕದ ಒಳ್ಳೆಯ ಹಲ್ಲನ್ನು ತೇಯಬೇಕು, ಆ ಹಲ್ಲಿಗೆ ಭಾರ ಹೊರುವಷ್ಟು ಮೂಳೆಯೂ ಇರಬೇಕು.

ಇಂಪ್ಲಾಂಟ್ ಒಳ್ಳೆಯ ಚಿಕಿತ್ಸೆ. ದವಡೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಮೂಳೆ ಅದನ್ನು ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಮೇಲೆ ಹಲ್ಲು ಕೂರಿಸುತ್ತಾರೆ. ಆದರೆ ಹುಳುಕಾಗುವುದಿಲ್ಲ ಎಂದ ಮಾತ್ರಕ್ಕೆ ಇಂಪ್ಲಾಂಟ್‌ಗೆ ಕಾಯಿಲೆಯೇ ಬರುವುದಿಲ್ಲ ಎಂದಲ್ಲ. ಹಲ್ಲಿನ ಸುತ್ತ ಮೂಳೆ ಕರಗಿಸಿದ ಅದೇ ಸೋಂಕು ಸ್ಕ್ರೂ ಸುತ್ತಲೂ ಕರಗಿಸುತ್ತದೆ. ಒಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಲ್ಲಿ ಈ ಅಪಾಯ ಜಾಸ್ತಿ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಇನ್ನೂ ಜಾಸ್ತಿ. ಬಾಯಿಯ ಉಳಿದ ಕಡೆ ಸೋಂಕು ಇರುವಾಗ, 8.9 ಸಕ್ಕರೆಯಲ್ಲಿ, ನಾನು ನನ್ನ ಮನೆಯವರಿಗೆ ಇಂಪ್ಲಾಂಟ್ ಹಾಕಿಸುವುದಿಲ್ಲ. ಇನ್ನೊಂದು ವಿಷಯ. ನಾಲ್ಕು ಹಲ್ಲು ಹೋದರೆ ನಾಲ್ಕು ಇಂಪ್ಲಾಂಟ್ ಬೇಕೆಂದಿಲ್ಲ. ಕೆಳಗಿನ ಮುಂದಿನ ನಾಲ್ಕು ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ ಎರಡು ಸಾಕು.

ಇದೆಲ್ಲ ಮಾಡಿಸಿದ ಮೇಲೆ ಹಲ್ಲು ಎಷ್ಟು ದಿನ ಇರುತ್ತದೆ ಎಂದು ಕೇಳುತ್ತೀರಿ. ಅಮೆರಿಕದ ಇಬ್ಬರು ವೈದ್ಯರು ತಮ್ಮಲ್ಲಿ ಚಿಕಿತ್ಸೆ ಪಡೆದು ತಪ್ಪದೆ ಬರುತ್ತಿದ್ದ 600 ಜನರ ಲೆಕ್ಕವನ್ನು 1978ರಲ್ಲಿ ಪ್ರಕಟಿಸಿದರು. ಸರಾಸರಿ 22 ವರ್ಷದ ಲೆಕ್ಕ ಅದು. 600ರಲ್ಲಿ 499 ಜನ ಅಷ್ಟೂ ವರ್ಷದಲ್ಲಿ ಕಳೆದುಕೊಂಡದ್ದು ಹೆಚ್ಚೆಂದರೆ ಮೂರು ಹಲ್ಲು. ಆಗಿನ್ನೂ ಇಂದಿನ ಸಲಕರಣೆ ಇರಲಿಲ್ಲ. ಅವರ ಹಲ್ಲು ಉಳಿದದ್ದು ಬಿಡದೆ ಮತ್ತೆ ಮತ್ತೆ ತೋರಿಸಿಕೊಂಡದ್ದರಿಂದ. ನೀವೂ ಮೂರು ತಿಂಗಳಿಗೊಮ್ಮೆ ಹೋಗಬೇಕು.

ಮನೆಯಲ್ಲಿ ಮೆತ್ತನೆಯ ಬ್ರಷ್ ಬಳಸಿ. ಅದನ್ನು ಒಸಡು ಮತ್ತು ಹಲ್ಲು ಸೇರುವ ಗೆರೆಗೆ ಓರೆಯಾಗಿ ಹಿಡಿದು, ಅಲ್ಲೇ ಸಣ್ಣಗೆ ಅಲುಗಿಸಿ. ಹಲ್ಲು ಆಡುತ್ತದೆ, ರಕ್ತ ಬರುತ್ತದೆ ಎಂದು ಆ ಜಾಗ ಬಿಟ್ಟರೆ ಇನ್ನೂ ಕೆಡುತ್ತದೆ. ಸಂದಿಗಳಿಗೆ ಬಾಟಲಿ ತೊಳೆಯುವ ಬ್ರಷ್‌ನ ಪುಟ್ಟ ರೂಪದಂತಿರುವ ಇಂಟರ್‌ಡೆಂಟಲ್ ಬ್ರಷ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಒಮ್ಮೆ ಬಳಸಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಅನ್ನು ಡಾಕ್ಟರ್ ಹೇಳಿದ ಎರಡು ವಾರ ಮಾತ್ರ ಬಳಸಿ. ಜಾಸ್ತಿ ದಿನವಾದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಚಿಕಿತ್ಸೆ ನಡೆಯುವಷ್ಟು ದಿನ ಚಪಾತಿ, ಸೀಬೆಹಣ್ಣನ್ನು ಚೂರು ಮಾಡಿ ದವಡೆ ಹಲ್ಲಿನಲ್ಲಿ ಅಗಿಯಿರಿ. ನಾಲಿಗೆಯಿಂದ ಆಡಿಸಿ ಆಡಿಸಿ ನೋಡುವುದನ್ನು ಬಿಡಿ. ಕಷ್ಟ ಎಂದು ಗೊತ್ತು, ಆದರೂ ಬಿಡಿ.

ಕೊನೆಗೆ ಮಗಳ ವಿಷಯ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಆರೋಗ್ಯವಂತ ಒಸಡಿದ್ದ 12 ಜನ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿ ಒಂದು ಪ್ರಯೋಗಕ್ಕೆ ಒಳಗಾದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಕೆಲವೇ ದಿನದಲ್ಲಿ ಎಲ್ಲರದ್ದೂ ಮೊದಲಿನಂತಾಯಿತು. ಮೂಳೆ ಮುಟ್ಟುವ ಮುಂಚೆ ಹಿಡಿದರೆ ಈ ಕಾಯಿಲೆ ಪೂರ್ತಿ ವಾಪಸ್ ಹೋಗುತ್ತದೆ. ನಿಮ್ಮ ಮಗಳು ಬಹುಶಃ ಇನ್ನೂ ಆ ಹಂತದಲ್ಲಿದ್ದಾಳೆ. ನೀವು ತಜ್ಞರ ಹತ್ತಿರ ಹೋಗುವ ದಿನವೇ ಅವಳನ್ನೂ ಕರೆದುಕೊಂಡು ಹೋಗಿ, ಅವಳ ಪಾಕೆಟ್‌ಗಳನ್ನೂ ಅಳೆಸಿ. ಅಜ್ಜಿಗೂ ಅಮ್ಮನಿಗೂ ಬೇಗ ಹಲ್ಲು ಸಡಿಲವಾಗಿದೆ ಎಂದು ಅಲ್ಲಿ ತಪ್ಪದೆ ಹೇಳಿ.